ಒಂದು ಗಂಟೆಗೆ ಒಬ್ಬಳೇ ಪೈಲಟ್

ಸಲಹೆಗಾರನ ಮೇಜಿನ ಮೇಲೆ ಹಿತ್ತಾಳೆ ಕಡ್ಡಿಗೆ ಸಿಕ್ಕಿಸಿದ ಮೂರು ಪುಟ್ಟ ಬಾವುಟಗಳಿದ್ದವು. ಪೈಲಟ್ ಆಗಬೇಕೆಂದು ಬಂದವರ ಮುಂದೆ ಅವನು ಅವನ್ನು ಒಂದೊಂದಾಗಿ ತಳ್ಳುತ್ತಿದ್ದ, ಬಟ್ಟೆ ಅಂಗಡಿಯವನು ಥಾನು ಬಿಚ್ಚಿ ಹರಡುವಂತೆ.

"ಇದು ನಮ್ಮದೇ ದೇಶದ ಲೈಸೆನ್ಸ್. ಇಲ್ಲೇ ಕಲೀಬಹುದು. ಆದ್ರೆ ಇರೋ ವಿಮಾನ ಕಡಿಮೆ, ಕಾಯೋರು ಜಾಸ್ತಿ. ಮುಗಿಸೋ ಹೊತ್ತಿಗೆ ಹುಡುಗೀರ ತಲೆ ನರೆತಿರುತ್ತೆ. ಇದು ಇನ್ನೊಂದು. ಅಲ್ಲಿ ಪರೀಕ್ಷೆಗಳ ರಾಶಿ, ಒಂದು ಪಾಸಾದ್ರೆ ಅದರ ಹಿಂದೆ ಇನ್ನೊಂದು ಎದ್ದು ನಿಂತಿರುತ್ತೆ. ಇದು ಮೂರನೇದು. ಬಯಲು ದೇಶ. ಬಿಸಿಲು ಬಿಟ್ರೆ ಬೇರೆ ಕಾಲವೇ ಇಲ್ಲ, ದಿನಾ ಹಾರಬಹುದು. ಅಲ್ಲಿ ಲೈಸೆನ್ಸ್ ತಗೊಂಡು ಬಂದು ಇಲ್ಲಿಯದಕ್ಕೆ ಬದಲಾಯಿಸ್ಕೊಂಡ್ರೆ ಮುಗೀತು."

ಇಬ್ಬರು ಹೆಣ್ಣುಮಕ್ಕಳ ನಡುವೆ ಕುರ್ಚಿಯ ತುದಿಯಲ್ಲಿ ಕೂತಿದ್ದ ಅಪ್ಪ ಬಾವುಟಗಳನ್ನೇ ನೋಡುತ್ತಿದ್ದ. ಅವನು ವಿಮಾನ ನಿಲ್ದಾಣದ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವವನು. ಕಂಬಳಿ, ಸೀಟಿನ ತಲೆಬಟ್ಟೆ, ಪೈಲಟ್‌ಗಳ ಬಿಳಿ ಅಂಗಿ ಎಲ್ಲವೂ ಅವನ ಕೈ ದಾಟಿಯೇ ಆಕಾಶಕ್ಕೆ ಹೋಗುತ್ತಿದ್ದವು. ಹಬೆಯಲ್ಲಿ ಬೆಂದು ಅವನ ಬೆರಳ ಗೆರೆಗಳು ಅಳಿಸಿಹೋಗಿದ್ದವು. ಗೇಟಿನ ಬೆರಳಚ್ಚು ಯಂತ್ರ ಅವನನ್ನು ಯಾರೆಂದು ಒಪ್ಪುತ್ತಿರಲಿಲ್ಲ. ಕಾವಲುಗಾರ ಗೊಣಗುತ್ತಲೇ ಪುಸ್ತಕದಲ್ಲಿ ಹೆಸರು ಬರೆದುಕೊಂಡು ಅವನನ್ನು ಒಳಗೆ ಬಿಡುತ್ತಿದ್ದ.

"ಸ್ವಾಮಿ, ಬದಲಾಯಿಸಿ ಕೊಡ್ತಾರೆ ತಾನೆ?" ಎಂದು ಅಪ್ಪ ಕೇಳಿದ.

"ಯಾಕೆ ಕೊಡಲ್ಲ? ಆಕಾಶಕ್ಕೆ ಬೇಲಿ ಇದೆಯಾ ಯಜಮಾನ್ರೇ?"

ಆಕಾಶಕ್ಕೆ ಬೇಲಿ ಇಲ್ಲ ಎನ್ನುವವರೆಲ್ಲ ಬೇಲಿಯ ಒಳಗಡೆ ಮನೆ ಕಟ್ಟಿಕೊಂಡವರು. ಹೊರಗೆ ನಿಂತವರಿಗೆ ಬೇಲಿ ಎಲ್ಲಿದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ, ಮೈ ತರಚಿದಾಗ ತಾನಾಗಿಯೇ ಗೊತ್ತಾಗುತ್ತದೆ.

ಮನೆಯಲ್ಲಿದ್ದ ಗಂಟು ಒಬ್ಬಳಿಗೆ ಸಾಲುವಷ್ಟು. ಅದರಲ್ಲಿ ಹೆಚ್ಚಿನದು ಅಕ್ಕನ ದುಡಿಮೆ. ಅವಳು ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ವರ್ಷಗಟ್ಟಲೆ ನಿಂತು, ಬೈಸಿಕೊಂಡು, ಬೈದವರಿಗೂ ಶುಭಪ್ರಯಾಣ ಹೇಳಿ ಕೂಡಿಟ್ಟದ್ದು. ತಂಗಿ ಆಗಷ್ಟೇ ಓದು ಮುಗಿಸಿ ಸ್ಕೂಟರಿನಲ್ಲಿ ಪಾರ್ಸೆಲ್ ಹಂಚುತ್ತಿದ್ದವಳು. ಇಬ್ಬರಿಗೂ ಒಂದೇ ಹುಚ್ಚು. ಸಲಹೆಗಾರ ಅದನ್ನು ಮೊದಲ ನೋಟದಲ್ಲೇ ಹಿಡಿದಿದ್ದ.

"ಬಯಲು ದೇಶದಲ್ಲಿ ಇಬ್ಬರೂ ಒಂದೇ ವಿಮಾನ ಹಂಚ್ಕೋಬಹುದು. ಒಬ್ಬಳ ಖರ್ಚು ಸ್ವಲ್ಪ ಎಳೆದ್ರೆ ಇಬ್ಬರೂ ಪೈಲಟ್. ಅಕ್ಕ ತಂಗಿ ಜಗಳ ಆಡಲ್ಲ ತಾನೆ?"

"ಆಡ್ತೀವಿ" ಎಂದಳು ತಂಗಿ. "ಆದ್ರೆ ಒಂದೇ ಹಾಸಿಗೇಲಿ ಮಲಗಿ ಆಡ್ತೀವಿ."

ಅಪ್ಪ ಮೂರನೆಯ ಬಾವುಟದ ಮೇಲೆ ಬೆರಳಿಟ್ಟ.

*

ಬಯಲು ದೇಶದ ಶಾಲೆಯಲ್ಲಿ ಕಲಿಕೆಯ ದಾರಿ ಹೀಗಿತ್ತು. ಲೈಸೆನ್ಸಿಗೆ ಗೊತ್ತುಮಾಡಿದಷ್ಟು ಗಂಟೆ ಹಾರಿ, ಒಂದೊಂದು ಗಂಟೆಯನ್ನೂ ತಮ್ಮ ಹಾರಾಟದ ಪುಸ್ತಕದಲ್ಲಿ ಬರೆದಿಡಬೇಕು. ಮೊದಲ ಹಂತ ದಾಟಿದ ಮೇಲೆ, ಹೊರಗೇನೂ ಕಾಣದಾಗ ಬರೀ ಎದುರಿನ ಮಾಪಕಗಳ ಮುಳ್ಳುಗಳನ್ನು ನೋಡಿಕೊಂಡು ಹಾರುವುದನ್ನು ಅಭ್ಯಾಸ ಮಾಡಬೇಕು. ಅದಕ್ಕೆ ಹುಡ್ ಎಂಬ ಪ್ಲಾಸ್ಟಿಕ್ ಮುಸುಕನ್ನು ಹಣೆಗೆ ಕಟ್ಟಿಕೊಳ್ಳುತ್ತಾರೆ. ಕುದುರೆಯ ಕಣ್ಣುಪಟ್ಟಿಯಂತೆ ಅದು ಕಿಟಕಿಯನ್ನು ಮರೆಮಾಡುತ್ತದೆ. ಮುಸುಕು ಹಾಕಿಕೊಂಡವಳ ಪಕ್ಕದಲ್ಲಿ ಇನ್ನೊಬ್ಬ ಪೈಲಟ್ ಕೂತು ಅವಳ ಪಾಲಿನ ಆಕಾಶವನ್ನೂ ಕಾಯಬೇಕು. ಎದುರು ಏನಾದರೂ ಬಂದರೆ ವಿಮಾನವನ್ನು ತನ್ನ ಕೈಗೆ ತೆಗೆದುಕೊಳ್ಳಬೇಕು. ಒಬ್ಬಳು ಕೈ, ಒಬ್ಬಳು ಕಣ್ಣು. ಕಣ್ಣಿಲ್ಲದೆ ಆ ಕೈ ಹಾರುವ ಹಾಗಿಲ್ಲ, ಕೈಯಿಲ್ಲದೆ ಕಣ್ಣಿಗೆ ಅಲ್ಲಿ ಕೆಲಸವಿಲ್ಲ. ಆದ್ದರಿಂದ ಆ ದೇಶದ ಕಾನೂನು ಅಂಥ ಗಂಟೆಯನ್ನು ಇಬ್ಬರ ಪುಸ್ತಕದಲ್ಲೂ ಬರೆದುಕೊಳ್ಳಲು ಬಿಡುತ್ತಿತ್ತು. ಇಬ್ಬರೂ ಪೈಲಟ್‌ಗಳೇ.

ಉಳ್ಳವರ ಮಕ್ಕಳು ಗಂಟೆಯನ್ನು ಇಡಿಯಾಗಿ ಕೊಂಡು, ಕಾಯಲು ಶಾಲೆಯವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಹಾರುತ್ತಿದ್ದರು. ಹಂಚಿಕೊಂಡವರು ಇಲ್ಲದವರು. ಅಕ್ಕ ತಂಗಿಗೆ ಅದರಲ್ಲಿ ಹೊಸದೇನೂ ಇರಲಿಲ್ಲ. ಒಂದೇ ಪಠ್ಯಪುಸ್ತಕ, ಒಂದೇ ಸ್ವೆಟರ್, ಒಂದೇ ಜೊತೆ ಒಳ್ಳೆಯ ಚಪ್ಪಲಿಯಲ್ಲಿ ಬೆಳೆದವರಿಗೆ ಒಂದೇ ಗಂಟೆಯಲ್ಲಿ ಇಬ್ಬರು ಕೂರುವುದು ಕಷ್ಟವೇ? ಹೋಗುವಾಗ ಒಬ್ಬಳಿಗೆ ಮುಸುಕು, ಬರುವಾಗ ಇನ್ನೊಬ್ಬಳಿಗೆ. ಎಲ್ಲೋ ಒಂದು ಒಣ ರನ್‌ವೇಯಲ್ಲಿ ಇಳಿದು, ಬಾಟಲಿಯ ಬಿಸಿ ನೀರು ಕುಡಿದು, ಸೀಟು ಬದಲಾಯಿಸಿ ಮತ್ತೆ ಏರುತ್ತಿದ್ದರು.

"ಅಕ್ಕ, ಎಡಕ್ಕೆ ವಾಲ್ತಿದೀಯ."

"ವಾಲ್ತಿಲ್ಲ."

"ಮುಳ್ಳು ನೋಡೇ."

"ಮುಳ್ಳನ್ನೇ ನೋಡ್ತಿರೋದು. ಇನ್ನೇನು ನಿನ್ನ ಮುಖ ನೋಡ್ಲಾ?"

"ನೋಡಿದ್ರೆ ನೇರ ಆದ್ರೂ ಹೋಗ್ತಿದ್ದೆ."

ತಂಗಿಗೆ ವಿಮಾನ ಮೈಗೆ ಅಂಟಿಕೊಂಡ ಅಂಗಿಯಂತಿತ್ತು. ಅಕ್ಕ ಪಾಠ ಕಂಠಪಾಠ ಮಾಡಿ, ಗಾಳಿಯ ಲೆಕ್ಕ ಹಾಕಿ, ಬೆವರು ಸುರಿಸಿ ಹಾರುತ್ತಿದ್ದಳು. ಶಾಲೆಯಲ್ಲಿ ಇಬ್ಬರಿಗೂ ಕಲಿಸುತ್ತಿದ್ದ ದಪ್ಪ ಧ್ವನಿಯ ಹೆಂಗಸನ್ನು ಅವರು ಟೀಚರಮ್ಮ ಎನ್ನುತ್ತಿದ್ದರು. ಇಬ್ಬರ ನಡುವಿನ ಈ ವ್ಯತ್ಯಾಸ ಅವಳಿಗೆ ಗೊತ್ತಿತ್ತು. ಅಕ್ಕನಿಗೂ ಗೊತ್ತಿತ್ತು. ಗೊತ್ತಿದ್ದರೂ ಹೊಟ್ಟೆಯಲ್ಲಿಟ್ಟುಕೊಂಡು ಮರುದಿನ ಮತ್ತೆ ಮುಸುಕು ಕಟ್ಟಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಅಕ್ಕ ಮುಸುಕಿನೊಳಗಿದ್ದಳು. ತಂಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹೊರಗೆ ನೋಡುತ್ತಿದ್ದಳು. ಕೆಳಗೆ ಹೊಲಕ್ಕೆ ಔಷಧಿ ಸಿಂಪಡಿಸುತ್ತಿದ್ದ ಹಳದಿ ವಿಮಾನವೊಂದು ಇದ್ದಕ್ಕಿದ್ದ ಹಾಗೆ ಮೂತಿ ಎತ್ತಿ ಇವರ ಎದುರಿಗೇ ಏರತೊಡಗಿತು. ಅದರೊಳಗಿದ್ದವನು ಇವರನ್ನು ನೋಡಿರಲಿಲ್ಲ.

"ನನ್ನ ಕೈಗೆ" ಎಂದಳು ತಂಗಿ, ಉಪ್ಪು ಕೊಡು ಎನ್ನುವಷ್ಟು ಸಣ್ಣ ಧ್ವನಿಯಲ್ಲಿ.

ಅಕ್ಕ ಕೈ ಬಿಟ್ಟಳು. ಲೋಕ ಪಕ್ಕಕ್ಕೆ ಬಿತ್ತು, ಮುಸುಕಿನ ಅಂಚಿನಲ್ಲಿ ಹಳದಿ ಬಣ್ಣ ಒಮ್ಮೆ ಹಾದುಹೋಯಿತು. ಅಷ್ಟೇ. ಅವಳು ಮುಸುಕು ತೆಗೆಯುವ ಹೊತ್ತಿಗೆ ಆಕಾಶ ಏನೂ ಆಗಿಲ್ಲವೆಂಬಂತೆ ಖಾಲಿಯಾಗಿತ್ತು.

ಇಳಿದ ಮೇಲೆ ಅಕ್ಕ ಚಕ್ರದ ಪಕ್ಕದಲ್ಲಿ ಕೂತು ವಾಂತಿ ಮಾಡಿಕೊಂಡಳು.

"ನನ್ನ ಶೂ ಮೇಲೆ ಕಣೇ" ಎಂದಳು ತಂಗಿ. "ಪ್ರಾಣ ಉಳಿಸಿದ್ದಕ್ಕೆ ಇದೇನಾ ಮರ್ಯಾದೆ?"

ಅಂಥದ್ದು ನಡೆದರೆ ನಡೆದದ್ದನ್ನು ನಡೆದ ಹಾಗೆ ವರದಿ ಮಾಡಬೇಕೆಂಬುದು ಆ ದೇಶದ ಪದ್ಧತಿ. ಯಾರಿಗೂ ಶಿಕ್ಷೆಯಿಲ್ಲ, ಇತರರು ಕಲಿಯಲಿ ಎಂದಷ್ಟೇ. ಟೀಚರಮ್ಮ ಮುಂದೆ ಕೂರಿಸಿಕೊಂಡು ಬರೆಸಿದಳು. ವಿಮಾನವನ್ನು ನಾನು ನನ್ನ ಕೈಗೆ ತೆಗೆದುಕೊಂಡು ತಿರುಗಿಸಿದೆ ಎಂದು ತಂಗಿ ಬರೆದು ಸಹಿ ಹಾಕಿದಳು.

ಕೊನೆಗೆ ಇಬ್ಬರಿಗೂ ಬಯಲು ದೇಶದ ಲೈಸೆನ್ಸ್ ಬಂತು. ಲಾಂಡ್ರಿಯವರು ಅಪ್ಪನನ್ನು ಕ್ಯಾಪ್ಟನ್‌ಗಳ ಅಪ್ಪ ಎಂದು ಕರೆಯತೊಡಗಿದರು. ತಮಾಷೆಗೇ ಕರೆದದ್ದು, ಆದರೂ ಅಪ್ಪ ಓಗೊಡುತ್ತಿದ್ದ.

*

ತಮ್ಮ ದೇಶದ ಕಚೇರಿಯಲ್ಲಿ ಲೈಸೆನ್ಸ್ ಬದಲಾಯಿಸಿಕೊಡುವ ಅಧಿಕಾರಿಗೆ ಕೆಮ್ಮು. ಮಾತಿನ ನಡುವೆ ಡಬ್ಬಿ ತೆರೆದು ಶುಂಠಿ ಮಿಠಾಯಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಕೆಟ್ಟ ಮನುಷ್ಯನೇನಲ್ಲ. ಇಬ್ಬರಿಗೂ ಕೂರಲು ಹೇಳಿದ, ಫ್ಯಾನು ಜೋರು ಮಾಡಿದ, ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿದ. ಓದುತ್ತಾ ಓದುತ್ತಾ ಅವನ ಹುಬ್ಬು ಗಂಟಿಕ್ಕಿತು.

"ಎರಡರಲ್ಲೂ ಅದೇ ವಿಮಾನ, ಅದೇ ಗಂಟೆ ಇದೆಯಲ್ಲಮ್ಮ."

"ಹೌದು ಸರ್. ಒಬ್ಬರು ಹುಡ್ ಹಾಕ್ಕೊಂಡ್ರೆ ಇನ್ನೊಬ್ಬರು ಹೊರಗೆ ನೋಡ್ಬೇಕು. ಅಲ್ಲಿನ ಕಾನೂನು ಪ್ರಕಾರ ಇಬ್ಬರೂ..."

"ಅಲ್ಲಿನ ಕಾನೂನು ಅಲ್ಲಿಗೆ. ನೀವು ಕೇಳ್ತಿರೋದು ಇಲ್ಲಿನ ಲೈಸೆನ್ಸ್. ಇಲ್ಲಿ ಒಂದು ಗಂಟೆಗೆ ಒಬ್ಬರೇ ಪೈಲಟ್."

"ಹಾಗಾದ್ರೆ ಇನ್ನೊಬ್ಬಳು ಏನು ಸರ್?" ಎಂದು ಅಕ್ಕ ಕೇಳಿದಳು.

"ಪ್ರಯಾಣಿಕಳು."

ಅಧಿಕಾರಿ ಎರಡೂ ಪುಸ್ತಕಗಳನ್ನು ಮುಚ್ಚಿದ.

"ಪ್ರಯಾಣಿಕರಿಗೆ ಒಂದು ಜ್ಯೂಸ್ ಆದ್ರೂ ಕೊಡ್ಬೇಕಿತ್ತು ಸರ್" ಎಂದಳು ತಂಗಿ.

ಅಧಿಕಾರಿ ನಗಲಿಲ್ಲ, ಮಿಠಾಯಿಯ ಡಬ್ಬಿಯನ್ನು ಅವಳ ಕಡೆಗೆ ತಳ್ಳಿದ. ಮುಸುಕು ಯಾರ ತಲೆಯ ಮೇಲಿತ್ತೋ ಅವರ ಗಂಟೆ ಮಾತ್ರ ಲೆಕ್ಕಕ್ಕೆ ಎಂದ. ಹಾಗೆ ಹಿಡಿದರೆ ಇಬ್ಬರಲ್ಲೂ ಬೇಕಾದದ್ದರ ಅರ್ಧ ಅರ್ಧ. ಅರ್ಧ ಲೈಸೆನ್ಸ್ ಎಂಬುದು ಎಲ್ಲೂ ಇಲ್ಲ. ಉಳಿದ ಅರ್ಧವನ್ನು ಮತ್ತೆ ಹಾರಿಕೊಂಡು ಬನ್ನಿ ಎಂದ, ಅಂಗಡಿಗೆ ಹೋಗಿ ಬನ್ನಿ ಎಂಬಂತೆ. ಅವನಿಗೆ ಇವರ ಮನೆಯ ಗಂಟು ಬರಿದಾಗಿರುವುದು ಗೊತ್ತಿರಲಿಲ್ಲ. ಆ ಕೋಣೆಯಲ್ಲಿ ಅದನ್ನು ಬರೆಯುವ ಜಾಗವೂ ಇರಲಿಲ್ಲ.

ಬಯಲು ದೇಶದಲ್ಲೇ ಉಳಿಯೋಣವೆಂದರೆ ಅದು ಲೈಸೆನ್ಸ್ ಕೊಟ್ಟಿತ್ತೇ ಹೊರತು ದುಡಿಯಲು ಬಿಡುವ ದೇಶವಲ್ಲ. ಕಲಿಯುವವರಿಗೆ ತೆರೆದ ಬಾಗಿಲು, ಕೂಲಿ ಕೇಳುವವರಿಗೆ ಗೋಡೆ.

*

ಸಲಹೆಗಾರ ಮನೆಗೇ ಬಂದ. ಒಗೆದ ಬಟ್ಟೆ ಹರಡಿದ್ದ ಕುರ್ಚಿಯಿಂದ ಬಟ್ಟೆ ತೆಗೆದು ಅಮ್ಮ ಜಾಗ ಮಾಡಿಕೊಟ್ಟಳು. ಅವಳೂ ಅದೇ ಲಾಂಡ್ರಿಯಲ್ಲಿ ಕಂಬಳಿ ಮಡಿಸುವವಳು. ಮನೆಯಲ್ಲೂ ಕೈಗೆ ಸಿಕ್ಕಿದ್ದನ್ನೆಲ್ಲ ಮಡಿಸುತ್ತಲೇ ಮಾತಾಡುತ್ತಿದ್ದಳು.

"ದಾರಿ ಇದೆ" ಎಂದ ಸಲಹೆಗಾರ. "ಎಲ್ಲಾ ಗಂಟೆಗಳಲ್ಲೂ ಹುಡ್ ಒಬ್ಬಳ ತಲೆ ಮೇಲೇ ಇತ್ತು ಅಂತ ಶಾಲೆಯವರು ಬರೆದು ಕೊಡ್ತಾರೆ. ಇನ್ನೊಬ್ಬಳು, ಆ ಗಂಟೆಗಳು ನನ್ನವಲ್ಲ, ನಾನು ಬರೀ ಪ್ರಯಾಣಿಕಳು ಅಂತ ಇಲ್ಲಿನ ಕಚೇರೀಲಿ ಹೇಳಿಕೆ ಕೊಡ್ಬೇಕು. ಒಬ್ಬಳಿಗೆ ಇಲ್ಲಿನ ಲೈಸೆನ್ಸ್ ಸಿಕ್ತು. ಇನ್ನೊಬ್ಬಳ ಹತ್ರ ಅಲ್ಲಿನ ಲೈಸೆನ್ಸ್ ಇದ್ದೇ ಇದೆ. ಅದನ್ನ ಒಪ್ಪೋ ಸಣ್ಣ ಪುಟ್ಟ ದೇಶಗಳಿವೆ, ದ್ವೀಪದಿಂದ ದ್ವೀಪಕ್ಕೆ ಸಾಮಾನು ಸಾಗಿಸೋ ವಿಮಾನಗಳು. ಸದ್ಯಕ್ಕೆ ಒಬ್ಬಳಿಗೆ ಜಾಗ ಇದೆ, ನಾನು ಕಳಿಸ್ತೀನಿ. ಇಬ್ಬರಿಗೂ ಒಂದೊಂದು ದೇಶ ಆಯ್ತಲ್ಲ?"

"ಯಾರು ಇಲ್ಲಿ, ಯಾರು ಅಲ್ಲಿ?" ಎಂದು ಅಪ್ಪ ಕೇಳಿದ. ಕೇಳಿ, ಕೇಳಬಾರದಿತ್ತು ಎಂಬಂತೆ ನೆಲ ನೋಡಿದ.

ಟೀಚರಮ್ಮನಿಗೆ ಫೋನು ಮಾಡಿದರು. ಅವಳ ದಪ್ಪ ಧ್ವನಿ ಕೋಣೆಯೆಲ್ಲ ಕೇಳಿಸಿತು. ಶಾಲೆಯ ಮಾಲೀಕ ಬರೆದುಕೊಡಲು ಒಪ್ಪಿದ್ದಾನೆ, ತನಗೆ ಇಷ್ಟವಿಲ್ಲ, ಆದರೂ ಯಾರ ಹೆಸರಿಗೆ ಎಂದು ಹೇಳಿ ಎಂದಳು. ನೀವೇ ಹೇಳಿ ಎಂದು ಅಕ್ಕ ಕೇಳಿದಳು.

"ನನ್ನ ಕೇಳಿದ್ರೆ, ಚಿಕ್ಕೋಳು ಹಾರ್ತಾಳೆ. ದೊಡ್ಡೋಳು ಪಾಸಾಗ್ತಾಳೆ."

ಎಲ್ಲರೂ ಕೇಳಿಸಿಕೊಂಡರು. ಅಕ್ಕನ ಕಿವಿಯ ತುದಿ ಕೆಂಪಾಯಿತು.

"ಹಾಗಿದ್ರೆ ಪಾಸಾಗೋಳಿಗೇ ಬರೀರಿ" ಎಂದು ತಂಗಿ ನಕ್ಕಳು. "ಕಚೇರೀಲಿ ಕೇಳೋದು ಅದನ್ನೇ ಅಲ್ವಾ?"

"ದೊಡ್ಡೋಳು ಅಷ್ಟು ವರ್ಷ ನಿಂತ ಕಾಲಲ್ಲಿ ದುಡಿದಿದ್ದಾಳೆ" ಎಂದಳು ಅಮ್ಮ, ದಿಂಬಿನ ಚೀಲ ಮಡಿಸುತ್ತಾ. "ಅವಳಿಗೆ ಇನ್ನು ತಡ ಮಾಡೋಕಾಗಲ್ಲ. ಚಿಕ್ಕೋಳಿಗೆ ಕಾಲ ಇದೆ. ಎಲ್ಲಿ ಬಿಟ್ರೂ ಬದುಕ್ತಾಳೆ."

"ಬೆಕ್ಕಿನ ಮರಿ ಥರ" ಎಂದಳು ತಂಗಿ.

"ಬಾಯಿ ನೋಡು ಇವಳದ್ದು."

ಎಲ್ಲರೂ ಅಕ್ಕನ ಮುಖ ನೋಡಿದರು. ಬೇಡ ಎನ್ನಬೇಕಾದ ಜಾಗ ಅದು. ತಲೆಮಾರುಗಳಿಂದ ಅಕ್ಕಂದಿರು ಬೇಡ ಎಂದುಕೊಂಡು ಬಂದ ಜಾಗ. ಇವಳು ಅನ್ನಲಿಲ್ಲ. ಅವಳಿಗೆ ಬೇಕಿತ್ತು. ಕೌಂಟರಿನ ಆಚೆ ಬದಿಗೆ ಒಮ್ಮೆಯಾದರೂ ದಾಟಬೇಕೆಂಬುದು ಅವಳ ಎಲುಬಿನಲ್ಲಿ ಇಳಿದಿತ್ತು.

"ದ್ವೀಪಕ್ಕೆ ಹೋದ್ರೆ ಫೋನ್ ಮಾಡ್ತೀಯ ತಾನೆ?" ಎಂದಳು.

"ಮಾಡ್ತೀನಿ. ನಿನ್ನ ಥರ ಮುಸುಕು ಹಾಕ್ಕೊಂಡೋರು ಎದುರು ಬಂದ್ರೆ ಮೊದಲೇ ಹೇಳು."

*

ಹೇಳಿಕೆಯ ದಿನ ಅಧಿಕಾರಿ ಇಬ್ಬರನ್ನೂ ಕರೆಸಿದ. ಅದೇ ಫ್ಯಾನು, ಅದೇ ಡಬ್ಬಿ. ಶಾಲೆಯ ಪ್ರಮಾಣಪತ್ರ ಅವನ ಮುಂದಿತ್ತು. ಅದು ಸುಳ್ಳೆಂದು ಅವನಿಗೆ ಅನ್ನಿಸಿದ್ದಿರಬೇಕು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ಈ ಗಂಟೆಗಳಲ್ಲಿ ನೀವು ಪೈಲಟ್ ಅಲ್ಲ. ಯಾವ ಕೆಲಸಾನೂ ಮಾಡಲಿಲ್ಲ. ಪ್ರಯಾಣಿಕಳು. ಸರೀನಾ?" ಎಂದು ತಂಗಿಯನ್ನು ಕೇಳಿದ.

"ಸರಿ ಸರ್."

"ಸಹಿಗೆ ಮೊದಲು ಒಂದು ಮಾತು. ಇದರ ಒಂದು ಪ್ರತಿ ಆ ದೇಶದವರಿಗೂ ಹೋಗುತ್ತೆ. ಅದು ನಿಯಮ. ಆ ಗಂಟೆಗಳು ನಿಮ್ಮದಲ್ಲ ಅಂತ ನೀವೇ ಹೇಳಿದ ಮೇಲೆ, ಆ ಗಂಟೆಗಳ ಮೇಲೆ ಅವರು ಕೊಟ್ಟ ಲೈಸೆನ್ಸ್ ನಿಲ್ಲಲ್ಲ. ಅವರು ಅದನ್ನ ರದ್ದು ಮಾಡ್ತಾರೆ. ಇದು ಗೊತ್ತಿದೆಯಾ?"

ಗೊತ್ತಿರಲಿಲ್ಲ. ಸಲಹೆಗಾರ ಹೇಳಿರಲಿಲ್ಲ.

ತಂಗಿ ತಿರುಗಿ, "ಅಕ್ಕ?" ಎಂದಳು.

ಅಷ್ಟೇ ಕೇಳಿದ್ದು. ಇನ್ನೊಂದು ಶಬ್ದ ಹೆಚ್ಚಿಗೆ ಕೇಳಲಿಲ್ಲ. ಅಧಿಕಾರಿಯೂ ಪೆನ್ನು ಕೆಳಗಿಟ್ಟು ಅಕ್ಕನ ಕಡೆ ನೋಡಿದ. ಅವನು ತನ್ನ ಅಳವಿನೊಳಗೆ ಒಂದು ಬಾಗಿಲು ತೆರೆದು ಹಿಡಿದಿದ್ದ. ಬಿಡಿ ಸರ್, ಅರ್ಧ ಅರ್ಧವೇ ಇರಲಿ, ಹೇಗೋ ದುಡಿದು ಮತ್ತೆ ಬರ್ತೀವಿ ಎಂದು ಅಕ್ಕ ಹೇಳಬಹುದಿತ್ತು. ಮಾತು ಗಂಟಲವರೆಗೆ ಬಂತು ಕೂಡ. ಅದರ ಹಿಂದೆಯೇ ಕೌಂಟರು ಬಂತು, ಊದಿದ ಪಾದಗಳು ಬಂದವು, ಹಬೆಯಲ್ಲಿ ಕೆಮ್ಮುವ ಅಪ್ಪ ಬಂದ, ಮತ್ತೆ ಗಂಟು ಕಟ್ಟಲು ಬೇಕಾಗುವ ವರ್ಷಗಳೆಲ್ಲ ಸಾಲುಗಟ್ಟಿ ಬಂದು ನಿಂತವು. ಅವಳು ಮೇಜಿನ ಅಂಚಿನಲ್ಲಿ ಎದ್ದಿದ್ದ ಮೈಕಾದ ಪದರವನ್ನು ಉಗುರಿನಿಂದ ಒತ್ತಿ ಕೂರಿಸತೊಡಗಿದಳು. ಬಿಟ್ಟ ಕೂಡಲೇ ಅದು ಮತ್ತೆ ಏಳುತ್ತಿತ್ತು.

ತಂಗಿ ಕಾದಳು. ಅವಳಿಗೆ ಕಾಯುವುದು ಗೊತ್ತಿತ್ತು. ಆಮೇಲೆ ಮುಖ ತಿರುಗಿಸಿ, "ಗೊತ್ತಿದೆ ಸರ್" ಎಂದಳು.

"ಹಾಗಾದ್ರೆ ಇದೇನು?" ಅಧಿಕಾರಿ ಇನ್ನೊಂದು ಕಾಗದ ಎತ್ತಿದ. "ಆ ದೇಶದಿಂದ ತರಿಸಿದ್ದು. ಒಂದು ಹಳದಿ ವಿಮಾನ ಎದುರು ಬಂದಿತ್ತು ಅಂತ. 'ವಿಮಾನವನ್ನು ನಾನು ನನ್ನ ಕೈಗೆ ತೆಗೆದುಕೊಂಡು ತಿರುಗಿಸಿದೆ.' ನಿಮ್ಮದೇ ಸಹಿ. ಪ್ರಯಾಣಿಕರು ವಿಮಾನ ತಿರುಗಿಸ್ತಾರಾ?"

ಅಕ್ಕನ ಉಗುರು ನಿಂತಿತು.

"ಬಡಾಯಿ ಕೊಚ್ಕೊಂಡಿದ್ದು ಸರ್" ಎಂದಳು ತಂಗಿ. "ಟೀಚರ್ ಮುಂದೆ ಶಹಭಾಸ್ ಅನ್ನಿಸ್ಕೊಳ್ಳೋಕೆ ಬರೆದೆ. ತಿರುಗಿಸಿದ್ದು ಅಕ್ಕ. ನಾನು ನಿದ್ದೆ ಹೊಡೀತಿದ್ದೆ."

"ಹುಡ್ ಒಳಗಿಂದ ಅವರಿಗೆ ಹೇಗಮ್ಮ ಕಾಣ್ತು?"

"ಆಗಷ್ಟೇ ತೆಗೆದಿದ್ಲು ಸರ್. ಅವಳ ಅದೃಷ್ಟ."

ಅಧಿಕಾರಿ ಅಕ್ಕನನ್ನು ಕೇಳಿದ. "ಹೌದೇನಮ್ಮ?"

ಅಕ್ಕ ಹೌದೆಂದು ತಲೆಯಾಡಿಸಿದಳು. ತಂಗಿ ಸಹಿ ಹಾಕಿದಳು.

ಅಕ್ಕ ಆ ಕೋಣೆಯಲ್ಲಿ ತಂಗಿಯನ್ನು ಮಾರಿದಳು ಎಂದು ಹೇಳುವುದು ಸುಲಭ. ಹೇಳುವವರು ಹೇಳಿಕೊಳ್ಳಲಿ. ಇಬ್ಬರು ಸೇರಿ ಹಾರಿದ ಗಂಟೆಯನ್ನು ಸೀಳಿ ಒಬ್ಬಳಿಗೆ ಹಾಕುತ್ತೇವೆ, ಇನ್ನೊಬ್ಬಳು ಬಂದು ನಾನಲ್ಲಿ ಇರಲೇ ಇಲ್ಲ ಎನ್ನಲಿ ಎಂದು ಬರೆದಿಟ್ಟವರ ಕೈಗೆ ಒಂದು ಮಸಿಯ ಕಲೆಯೂ ಹತ್ತುವುದಿಲ್ಲ. ಹಂಚಿಕೊಂಡು ತಿನ್ನುವವರನ್ನು ಕಂಡರೆ ಲೋಕಕ್ಕೆ ಲೆಕ್ಕ ತಪ್ಪುತ್ತದೆ. ಅದು ಲೆಕ್ಕ ಸರಿಮಾಡಿಕೊಳ್ಳುವುದು ಹೀಗೆ, ಅವರಲ್ಲೇ ಒಬ್ಬರ ಬಾಯಿಂದ ಇನ್ನೊಬ್ಬರನ್ನು ಅಳಿಸಿ.

ಮೆಟ್ಟಿಲು ಇಳಿಯುವಾಗ ಅಕ್ಕ, "ನಾನು ಹೇಳೋಣ ಅಂತಿದ್ದೆ ಕಣೇ" ಎಂದಳು.

"ಗೊತ್ತು."

"ಬಾಯಿಗೆ ಬರ್ಲಿಲ್ಲ."

"ಗೊತ್ತು ಅಂದ್ನಲ್ಲ." ತಂಗಿ ಕಂಬಿಯ ಮೇಲೆ ಕೈ ಜಾರಿಸುತ್ತಾ ಇಳಿದಳು. "ಅಪ್ಪನಿಗೆ ಇದನ್ನ ಹೇಳ್ಬೇಡ. ದ್ವೀಪದ ಕೆಲಸ ತಪ್ಪೋಯ್ತು ಅಂತ ನಾನೇ ಹೇಳ್ತೀನಿ."

ಹಾಗೆಯೇ ಹೇಳಿದಳು. ಅಪ್ಪ ದ್ವೀಪಗಳಿಗೆ ಶಾಪ ಹಾಕಿದ. ಬಯಲು ದೇಶದಿಂದ ಲೈಸೆನ್ಸ್ ರದ್ದಾದ ಪತ್ರ ಅಕ್ಕನ ಕೈಗೆ ಬಂದಾಗ ತಂಗಿ ಪಾರ್ಸೆಲ್ ಹಂಚಲು ಹೋಗಿದ್ದಳು. ಬಂದು ನೋಡಿ, ಊಟಕ್ಕೆ ತಟ್ಟೆ ಹಾಕಿದಳು.

*

ಲೈಸೆನ್ಸ್ ಬದಲಾಯಿಸಿಕೊಡುವ ಮೊದಲಿನ ಕೊನೆಯ ಹಾರಾಟದ ಪರೀಕ್ಷೆ ಊರಾಚೆಯ ಸಣ್ಣ ವಿಮಾನ ಮೈದಾನದಲ್ಲಿ. ಅಕ್ಕ ಒಬ್ಬಳೇ ಹೋಗುವುದು ಬೇಡ, ಜೊತೆಗೆ ಹೋಗು ಎಂದು ಅಮ್ಮ ತಂಗಿಯನ್ನು ಕಳಿಸಿದ್ದಳು. ದಾರಿಯುದ್ದಕ್ಕೂ ಇಬ್ಬರೂ ಮಾತಾಡಿದರು: ಬಿಸಿಲು, ಬಸ್ಸಿನ ರಶ್ಶು, ಅಪ್ಪನ ಕೆಮ್ಮಿಗೆ ಕೊಟ್ಟ ಹೊಸ ಮಾತ್ರೆ. ಮಾತಿನಲ್ಲಿ ಜಗಳವೊಂದು ಬಿಟ್ಟು ಎಲ್ಲವೂ ಇತ್ತು. ಅಕ್ಕ ಬೇಕೆಂದೇ ಕ್ಯೂನಲ್ಲಿ ಅವಳ ಕಾಲು ತುಳಿದಳು. "ಪರವಾಗಿಲ್ಲ" ಎಂದಳು ತಂಗಿ.

ಪರೀಕ್ಷಕ ದೊಡ್ಡ ಹೊಟ್ಟೆಯ, ದೊಡ್ಡ ಬಾಯಿಯ ಮನುಷ್ಯ. ವಿಮಾನದ ಸುತ್ತ ಒಂದು ಸುತ್ತು ಬಂದು, ನೆರಳಲ್ಲಿ ನಿಂತಿದ್ದ ತಂಗಿಯನ್ನು ನೋಡಿದ.

"ಇವರು?"

"ನನ್ನ ತಂಗಿ ಸರ್."

"ಹಿಂದಿನ ಸೀಟು ಖಾಲಿ ಇದೆ. ಬರ್ತೀಯೇನಮ್ಮ? ಯಾವತ್ತಾದ್ರೂ ಸಣ್ಣ ವಿಮಾನ ಹತ್ತಿದೀಯಾ?"

"ಬೇಡ ಸರ್" ಎಂದಳು ತಂಗಿ. "ನನಗೆ ಎತ್ತರ ಅಂದ್ರೆ ತಲೆ ತಿರುಗುತ್ತೆ."

ಪರೀಕ್ಷಕ ಗಹಗಹಿಸಿ ನಕ್ಕ. "ಒಂದೇ ಮನೇಲಿ ನೋಡಿ, ಒಬ್ಬಳು ಹೀಗೆ, ಒಬ್ಬಳು ಹಾಗೆ."

ಮೇಲೆ ಹೋದ ಮೇಲೆ ಅಕ್ಕ ಮುಸುಕು ಕಟ್ಟಿಕೊಂಡಳು. ಪಕ್ಕದಲ್ಲಿ ಪರೀಕ್ಷಕ ಏನನ್ನೋ ಅಗಿಯುತ್ತಾ ಹೊರಗೆ ನೋಡುತ್ತಿದ್ದ. ಮುಳ್ಳು ಸ್ವಲ್ಪ ಎಡಕ್ಕೆ ಜಾರಿತು. ಯಾರೂ ಏನೂ ಅನ್ನಲಿಲ್ಲ. ಅವಳೇ ನೋಡಿ ಸರಿಮಾಡಿದಳು. ಮತ್ತೆ ಜಾರಿತು, ಮತ್ತೆ ಸರಿಮಾಡಿದಳು. ಪಾಠದಲ್ಲಿದ್ದದ್ದನ್ನೆಲ್ಲ ಪಾಠದಲ್ಲಿದ್ದ ಹಾಗೆ ಮಾಡಿದಳು. ಮುಸುಕಿನ ಒಳಗೆ ಕಣ್ಣು ತುಂಬಿ ಮುಳ್ಳುಗಳು ಎರಡೆರಡಾಗಿ ಕಂಡವು. ರೆಪ್ಪೆ ಬಡಿದು ಒಂದು ಮಾಡಿಕೊಂಡಳು. ಅಳುವುದಕ್ಕೂ ಅಲ್ಲಿ ಅಂಕ ಕಳೆಯುತ್ತಾರೋ ಏನೋ ಎಂಬ ಹೆದರಿಕೆ.

ಇಳಿಯುವಾಗ ಬಲಗಡೆಯಿಂದ ಗಾಳಿ ಹೊಡೆಯುತ್ತಿತ್ತು. ವಿಮಾನ ನೆಲ ಮುಟ್ಟಿ ಒಮ್ಮೆ ಪುಟಿಯಿತು, ಪಕ್ಕಕ್ಕೆ ಎಳೆಯಿತು, ಆಮೇಲೆ ಕೂತಿತು.

"ಪಾಸು" ಎಂದ ಪರೀಕ್ಷಕ. "ಸುಂದರವಾಗಿರಲಿಲ್ಲ, ಆದ್ರೆ ಪಾಸು."

ಇಬ್ಬರೂ ಇಳಿದು ನಡೆದು ಬಂದರು. ತಂಗಿ ಎದ್ದು ನಿಂತಿದ್ದಳು. ಅವಳ ಬಾಯಿಂದ ಮಾತು ತಾನಾಗಿಯೇ ಬಂದುಬಿಟ್ಟಿತು, ಅಷ್ಟು ತಿಂಗಳು ಪ್ರತಿ ಸಲವೂ ಬಂದಿದ್ದ ಹಾಗೆ.

"ಬಲಗಡೆ ರೆಕ್ಕೆ ಬಗ್ಗಿಸೋದು ತಡ ಮಾಡ್ದೆ ಅಕ್ಕ. ಗಾಳಿ ಒಳಗೆ ನುಗ್ತು, ಅದಕ್ಕೇ ಪುಟಿದಿದ್ದು."

ಪರೀಕ್ಷಕ ನಡೆಯುತ್ತಿದ್ದವನು ನಿಂತ.

"ಇದನ್ನ ನಾನು ಹೇಳ್ಬೇಕು ಅಂತಿದ್ದೆ. ನಿನಗೆ ಹೇಗಮ್ಮ ಗೊತ್ತಾಯ್ತು?"

ಈ ಸಲ ತಂಗಿ ಉತ್ತರ ಕೊಡಲಿಲ್ಲ. ನಗಲೂ ಇಲ್ಲ, ಬಡಾಯಿಯೆಂದೂ ಅನ್ನಲಿಲ್ಲ. ಸುಮ್ಮನೆ ಅಕ್ಕನ ಮುಖ ನೋಡಿದಳು. ಹೇಳುವ ಸರದಿಯನ್ನು ಅವಳಿಗೆ ಬಿಟ್ಟುಕೊಟ್ಟು ನಿಂತಳು. ಇಂಧನದ ವಾಸನೆ, ಇನ್ನೂ ಬಿಸಿಯಾಗಿದ್ದ ಇಂಜಿನ್ನಿನ ಟಿಕ್ ಟಿಕ್ ಸದ್ದು. ದೂರದಲ್ಲಿ ಯಾರೋ ಪೈಪು ಸುತ್ತುತ್ತಿದ್ದರು.

"ನನ್ನ ಜೊತೆ ಓಡಾಡಿ ಓಡಾಡಿ ನಾಲ್ಕು ಮಾತು ಕಲ್ತಿದ್ದಾಳೆ ಸರ್" ಎಂದಳು ಅಕ್ಕ.

"ಚುರುಕಿದ್ದಾಳೆ. ಇವಳಿಗೂ ಕಲಿಸಿ."

"ನೋಡೋಣ ಸರ್."

ಪರೀಕ್ಷಕನ ಹಿಂದೆ ಒಳಗೆ ಹೋಗಿ ಅಕ್ಕ ಸಹಿ ಹಾಕಿ ಬಂದಳು. ತಂಗಿ ಇಬ್ಬರ ನೀರಿನ ಬಾಟಲಿಗಳನ್ನೂ ತುಂಬಿಸಿಕೊಂಡು ಗೇಟಿನ ಬಳಿ ನಿಂತಿದ್ದಳು. ಒಂದನ್ನು ಅಕ್ಕನ ಕೈಗೆ ಕೊಟ್ಟಳು. "ಅಮ್ಮನಿಗೆ ಫೋನ್ ಮಾಡು, ಕಾಯ್ತಿರ್ತಾಳೆ" ಎಂದಳು.

ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು, ಹಿಂದೆ ಮುಂದೆ, ಬೇರೆ ಬೇರೆ ಸಾಲಿನಲ್ಲಿ. ಸ್ವಲ್ಪ ದೂರ ಹೋದ ಮೇಲೆ ತಂಗಿಯ ಪಕ್ಕದಲ್ಲಿದ್ದ ಹೆಂಗಸು ಇಳಿದುಹೋದಳು. ಅಕ್ಕ ಎದ್ದಳು. ಎದುರಿನ ಕಂಬಿ ಹಿಡಿದು ಒಂದು ಹೆಜ್ಜೆ ಮುಂದಿಟ್ಟಳು. ತಂಗಿ ತೊಡೆಯ ಮೇಲಿದ್ದ ಚೀಲವನ್ನು ತೆಗೆದು ಆ ಖಾಲಿ ಜಾಗದಲ್ಲಿಟ್ಟು, ಅದು ಬೀಳದ ಹಾಗೆ ಅದರ ಮೇಲೆ ಕೈಯಿಟ್ಟುಕೊಂಡಳು.